ಕಾಲಪೇಟಿಯ ವಯಸ್ಸು

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಾಲಪೇಟಿ ಇದೆ. ನಾಟಕ ಕಂಪನಿಯ ಪೇಟಿ ಮಾಸ್ತರ ಕುರ್ಚಿಯ ಮೇಲೆ ಕುಳಿತು, ಕೆಳಗಿನ ಹಲಗೆಯನ್ನು ಕಾಲಿನಿಂದ ತುಳಿಯುತ್ತ, ಎರಡೂ ಕೈಯಿಂದ ಬಾರಿಸುವಂಥ ಪೇಟಿ. ಇದು ನನ್ನ ಕಾಕಾನದು. ಈಗ ಇದನ್ನು ಬಾರಿಸುವವರು ಮನೆಯಲ್ಲಿ ಯಾರೂ ಇಲ್ಲ. ಬಂದವರು ಮಾತ್ರ ಇದರ ಮುಂದೆ ನಿಂತು ಎರಡೇ ಪ್ರಶ್ನೆ ಕೇಳುತ್ತಾರೆ. ಎಷ್ಟು ವರ್ಷದ್ದು? ಪಾಲಿಶ್ ಯಾಕೆ ಮಾಡಿಸಿಲ್ಲ?

ಎರಡನೆಯ ಪ್ರಶ್ನೆಗೆ ನಾನು ನಕ್ಕು ಸುಮ್ಮನಾಗುತ್ತೇನೆ. ಮೊದಲನೆಯದಕ್ಕೆ ಉತ್ತರ ಹುಡುಕಲು ಹೋಗಿ ನಾನು ಪಟ್ಟ ಪಾಡನ್ನು ಇಲ್ಲಿ ಹೇಳಬೇಕಾಗಿದೆ.

ಪಿಯಾನೋ ಆಗಿದ್ದರೆ ಕೆಲಸ ಸುಲಭವಿತ್ತು. ಅದರ ಒಳಗೆ ಒಂದು ನಂಬರು ಇರುತ್ತದೆ. ಸ್ಟೈನ್‌ವೇಯಂಥ ದೊಡ್ಡ ಕಂಪನಿಗಳ ಯಾವ ನಂಬರು ಯಾವ ವರ್ಷದ್ದೆಂದು ಪಟ್ಟಿಗಳೇ ಅಚ್ಚಾಗಿವೆ. ನಂಬರು ನೋಡು, ಪುಟ ತಿರುವು, ಮುಗಿಯಿತು. ನಮ್ಮ ಪೇಟಿಗೆ ಇಂಥ ಜಾತಕವಿಲ್ಲ. ಪ್ಯಾರಿಸ್ಸಿನ ದೆಬೇನ್ ಎಂಬಾತ 1842ರ ಸುಮಾರಿಗೆ ಹಾರ್ಮೋನಿಯಂ ಎಂಬ ಹೆಸರಿಗೆ ಪೇಟೆಂಟ್ ಪಡೆದ. ಮುಂದೆ ಕಲಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಬಾರಿಸುವ ಕೈಪೇಟಿಯಾಗಿ ಮಾಡಿದರು. ಅಲ್ಲಿಂದ ಊರೂರಿಗೆ ಪೇಟಿ ಕಟ್ಟುವವರು ಹುಟ್ಟಿಕೊಂಡರು. ರೀಡು ಒಂದು ಊರಿನದು, ಮರ ಇನ್ನೊಂದು ಊರಿನದು, ತಿದಿಯ ಚರ್ಮ ಮೂರನೆಯ ಊರಿನದು. ಹೀಗಿರುವಾಗ ಪೇಟಿಯ ವಯಸ್ಸು ಎಂದರೆ ಯಾವುದರ ವಯಸ್ಸು? ನಮ್ಮ ಕಾಲಪೇಟಿಯ ರೀಡುಗಳು ಪರದೇಶದವು ಎಂದು ಕಾಕಾ ಹೇಳುತ್ತಿದ್ದ. ಪೆಟ್ಟಿಗೆಯನ್ನು ಮಾತ್ರ ಒಮ್ಮೆ ಕಂಪನಿಯ ಲಾರಿಯಿಂದ ಬಿದ್ದು ಒಡೆದ ಮೇಲೆ ನಮ್ಮ ಕಡೆಯ ಬಡಿಗೇರರು ಸಾಗವಾನಿಯಲ್ಲಿ ಹೊಸದಾಗಿ ಕಟ್ಟಿದರಂತೆ. ಅಂದರೆ ದನಿ ಹಳೆಯದು, ಮೈ ಅದಕ್ಕಿಂತ ಚಿಕ್ಕದು.

ಕಾಕಾ ಕಂಪನಿಗಳಲ್ಲಿ ಪೇಟಿ ಬಾರಿಸಿಕೊಂಡೇ ಬದುಕಿದವನು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡಿತೆಂದರೆ ಬಾದಾಮಿ ಸೀಮೆಯಲ್ಲಿ ತಿಂಗಳುಗಟ್ಟಲೆ ನಾಟಕ. ಸಾಲಾಗಿ ಥಿಯೇಟರು, ಬೆಳತನಕ ಆಟ. ಆಕಾಶವಾಣಿಯವರು 1940ರಲ್ಲಿ ಪೇಟಿಗೆ ಬಾಗಿಲು ಹಾಕಿದರು, ಮತ್ತೆ ತೆರೆದದ್ದು 1971ರಲ್ಲಿ. ಅದು ನಮ್ಮ ರಾಗದ ಗಮಕಕ್ಕೆ ಒಗ್ಗುವುದಿಲ್ಲ ಎಂಬುದು ಪಂಡಿತರ ಆಕ್ಷೇಪ. ಕಾಕಾನಿಗೆ ಇದನ್ನು ಹೇಳಿದರೆ, "ಜಾತ್ರ್ಯಾಗ ಹತ್ತ ಸಾವಿರ ಮಂದಿ ಒಗ್ಗೇತಿ ಅಂತಾರ, ಡಿಲ್ಲಿ ಒಳಗ ನಾಕ ಮಂದಿ ಒಗ್ಗಂಗಿಲ್ಲ ಅಂದ್ರ ನಾ ಏನ ಮಾಡ್ಲಿ" ಎನ್ನುತ್ತಿದ್ದ.

ಕಾಕಾನ ಪೇಟಿಯ ಮೈಯೆಲ್ಲ ಬರಹ. ಮುಚ್ಚಳದ ಒಳಗೆ ಪೆನ್ಸಿಲ್ಲಿನಿಂದ ಪಾತ್ರಗಳ ಸ್ವರ ಬರೆದುಕೊಂಡಿದ್ದ. ಕೃಷ್ಣ ಬಿಳಿ ನಾಲ್ಕು, ರುಕ್ಮಿಣಿ ಕಪ್ಪು ಐದು, ನಾರದ ಕಪ್ಪು ಎರಡು, ಹೀಗೆ. ಎಡಮಗ್ಗುಲಿನ ಹಲಗೆಯ ಮೇಲೆ ಮಾತ್ರ ಪೆನ್ಸಿಲ್ಲಲ್ಲ, ಮೊಳೆಯಿಂದಲೋ ಚಾಕುವಿನಿಂದಲೋ ಕೊರೆದ ಮೂರಕ್ಷರ. ಒಬ್ಬ ನಟಿಯ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಕಾಕು ಆ ಹೆಸರಿನ ಎದುರು ಮೂವತ್ತೇಳು ವರ್ಷ ಬದುಕಿದಳು. ಒಮ್ಮೆಯೂ ಅದರ ಬಗ್ಗೆ ಮಾತನಾಡಲಿಲ್ಲ. ಪೇಟಿಯ ಎಡಮಗ್ಗುಲು ಗೋಡೆಗೆ ಹತ್ತುವಂತೆ ಇಡಿಸಿದ್ದಳು, ಅಷ್ಟೇ. ಕಾಕಾ ತೀರಿಕೊಂಡ ಮೇಲೆ, 1986ರಲ್ಲಿ ನಮ್ಮ ತಂಗಿಯ ಲಗ್ನ ಬಂತು. ಬೀಗರು ಬರುವವರು, ಮನೆಗೆ ಸುಣ್ಣ ಬಣ್ಣ ನಡೆದಿತ್ತು. ಆಗ ಕಾಕು ನನ್ನನ್ನು ಕರೆದು, "ತಮ್ಮಾ, ಆ ಪೇಟಿ ಎಡಕಿನ ಮಗ್ಗಲಾ ಭಾಳ ಹೊಲಸ ಆಗೇತಿ. ಅಷ್ಟ ಪಾಲಿಶ್ ಹಿಡಸು" ಎಂದಳು. ನನಗೆ ತಿಳಿಯಿತು. ತಿಳಿದೂ ತಿಳಿಯದವನ ಹಾಗೆ ಬಡಿಗೇರ ಅಜ್ಜನನ್ನು ಕರೆತಂದೆ.

ಅಜ್ಜ ಕಸಬುದಾರ. ಮೊದಲು ಒಂದು ಮೂಲೆಯಲ್ಲಿ ಸ್ಪಿರಿಟ್ಟಿನ ಹನಿ ಹಚ್ಚಿ ಬೆರಳಿನಿಂದ ಒತ್ತಿದ. ಅಂಟಿತು. "ಅರಗಿನ ಪಾಲಿಶ್ ಐತಿ" ಎಂದ. ಸ್ಪಿರಿಟ್ಟಿಗೆ ಕರಗಿದರೆ ಅರಗು, ಥಿನ್ನರಿಗಷ್ಟೇ ಕರಗಿದರೆ ಕಾರಖಾನೆಯ ಲ್ಯಾಕರ್, ಯಾವುದಕ್ಕೂ ಜಗ್ಗದಿದ್ದರೆ ಈಚಿನ ಪ್ಲಾಸ್ಟಿಕ್ ಜಾತಿಯದು ಎಂದು ನನಗೆ ಆವತ್ತು ಕಲಿಸಿದವನು ಅವನೇ. ಅರಗು ಎಂದರೆ ಮರದ ಟೊಂಗೆಗೆ ಹತ್ತುವ ಸಣ್ಣ ಹುಳದ ಮೈಯಿಂದ ಒಸರುವ ಮೇಣದಂಥ ವಸ್ತು. ಕಾಕಾನ ಕಾಲದ ಗ್ರಾಮಫೋನ್ ತಟ್ಟೆಗಳೂ ಅದರವೇ. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿಯ ದನಿ ಊರೂರಿಗೆ ಹೋದದ್ದೂ ಅರಗಿನ ಮೇಲೆ ಕುಳಿತೇ. ಅರಗು ನೀರು ಕಂಡರೆ ಬೆಳ್ಳಗಾಗುತ್ತದೆ, ಬಿಸಿ ಲೋಟ ಇಟ್ಟರೆ ಕಲೆ ಬೀಳುತ್ತದೆ. ಆದರೆ ಅದರಂಥ ದೊಡ್ಡ ಮನಸ್ಸಿನ ಪಾಲಿಶ್ ಇನ್ನೊಂದಿಲ್ಲ. ಹಳೆಯ ಪದರನ್ನು ಕೀಳದೆ, ಅದರ ಮೇಲೆಯೇ ಹತ್ತಿ ಸುತ್ತಿದ ಅರಿವೆಯ ಉಂಡೆಯಿಂದ ಹೊಸದನ್ನು ತೆಳ್ಳಗೆ ತೀಡಿದರೆ ಎರಡೂ ಕೂಡಿ ಒಂದಾಗುತ್ತವೆ. ಅಜ್ಜ ಹಾಗೆಯೇ ಮಾಡೋಣವೆಂದ. ಕೊರೆದ ಅಕ್ಷರಗಳನ್ನು ನೋಡಿ, "ಗೀರಿನ್ಯಾಗೂ ಹಳೇ ಅರಗ ಕುಂತೇತಿ ನೋಡ್ರಿ. ಹಿಂಗ ಬಿಟ್ರೂ ಚಂದ ಕಾಣತೇತಿ" ಎಂದ.

ನಾನು ಬೇಡವೆಂದೆ. ಕೆರೆದು ಸಾಫ್ ಮಾಡು ಎಂದೆ.

ಅಜ್ಜ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ರಂದ ಹೊಡೆದ, ಪಾಲಿಶ್ ಕಾಗದದಿಂದ ತಿಕ್ಕಿದ, ಮೂರು ದಿನ ಅರಗು ತೀಡಿದ. ಎಡಮಗ್ಗುಲು ಕನ್ನಡಿಯಾಯಿತು. ಕಾಕು ಬಂದು ನೋಡಿ ಏನೂ ಅನ್ನಲಿಲ್ಲ. ಸಂಜೆ ನನಗೆ ಮಾತ್ರ ಹೋಳಿಗೆ ಮಾಡಿ ಹಾಕಿದಳು.

ಇದರಲ್ಲಿ ತಪ್ಪೇನೆಂದು ಆಗ ನನಗೆ ಅನ್ನಿಸಲಿಲ್ಲ. ಸತ್ತವನೊಬ್ಬನ ಗೀಚುಬರಹಕ್ಕಿಂತ ಬದುಕಿರುವ ಹೆಂಗಸಿನ ಸಂಕಟ ದೊಡ್ಡದಲ್ಲವೆ? ಈಗಲೂ ಆ ವಾದವನ್ನು ಪೂರ್ತಿ ಬಿಟ್ಟುಕೊಡಲು ನನ್ನಿಂದ ಆಗುವುದಿಲ್ಲ.

ಹಿನ್ನೀರು ಬಂತು, ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದೆವು. ಪೇಟಿಯೂ ಬಂತು. 2003ರಲ್ಲಿ ಕಾಕು ಹೋದಳು. ಮರುವರ್ಷ ಒಂದು ಮಧ್ಯಾಹ್ನ ಇಳಕಲ್ಲಿನಿಂದ ಒಬ್ಬ ಹೆಂಗಸು ಬಂದರು. ನನಗಿಂತ ಐದಾರು ವರ್ಷಕ್ಕೆ ಹಿರಿಯರು. ನೀರು ಕೊಟ್ಟೆ, ಕುಡಿದರು. ಕಾಕಾನ ಹೆಸರು ಹೇಳಿ, "ಅವರ ಪೇಟಿ ಇನ್ನೂ ಐತೇನ್ರಿ ಸರ? ನಮ್ಮವ್ವ ತನ್ನ ಹೆಸರ ಅದರ ಮ್ಯಾಲ ಐತಿ ಅಂತಿದ್ಲು. ಒಮ್ಮೆ ನೋಡಿ ಹೋಗ್ತೀನಿ" ಎಂದರು. ಪಾಲು ಕೇಳಲಿಲ್ಲ, ಸಂಬಂಧ ಹೇಳಲಿಲ್ಲ.

ನಾನು ಪೇಟಿ ತೋರಿಸಿದೆ. ಅವರು ಸುತ್ತ ತಿರುಗಿ ನೋಡಿದರು, ಎಡಮಗ್ಗುಲಿನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರು. ನನ್ನ ಬಾಯಿಂದ ಬಂದ ಮಾತು ಇದು: "ಹಂಗ ಏನೂ ಇದ್ದದ್ದು ನನಗ ಗೊತ್ತಿಲ್ಲ ಅಕ್ಕಾರ."

ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದವನು ನಾನು. ವರ್ಷಕ್ಕೊಮ್ಮೆ ಮಕ್ಕಳನ್ನು ಬಾದಾಮಿಗೆ ಕರೆದೊಯ್ದು ಮೂರನೆಯ ಗುಹೆಯ ಮುಂದೆ ನಿಲ್ಲಿಸಿ, ನೋಡಿರಿ, ಮಂಗಳೇಶ ಶಕ ವರ್ಷ 500 ಎಂದು ಬರೆಸಿದ್ದಾನೆ, ಅಂದರೆ ಕ್ರಿ.ಶ. 578, ಈ ಒಂದು ಸಾಲಿನಿಂದ ಈ ಗುಹೆಗೆ ವಯಸ್ಸು ಸಿಕ್ಕಿತು ಎಂದು ಹೇಳುತ್ತಿದ್ದವನು. ಅದೇ ಬಾದಾಮಿಯ ಬಂಡೆಯ ಮೇಲೆ ಪಲ್ಲವ ನರಸಿಂಹವರ್ಮನ ಶಾಸನವೂ ಇದೆ. ಊರು ಗೆದ್ದವನು ಗೆದ್ದೆನೆಂದು ಬರೆಸಿದ್ದು. ಹನ್ನೆರಡು ಹದಿಮೂರು ವರ್ಷಕ್ಕೆ ಚಾಲುಕ್ಯರು ಊರನ್ನು ಮರಳಿ ಪಡೆದರು. ಎದುರಿಗೇ ಇತ್ತು, ತಮ್ಮ ಸೋಲಿನ ಬರಹ. ಸವೆದು ಮುಕ್ಕಾಗಿದ್ದರೂ ಇಂದಿಗೂ ಅದು ಅಲ್ಲಿದೆ. ಉದಾರತೆಯಿಂದ ಬಿಟ್ಟರೋ ಉದಾಸೀನದಿಂದ ಬಿಟ್ಟರೋ, ಬಿಟ್ಟರು ಎಂಬುದಂತೂ ನಿಜ. ನನ್ನ ಕೈಯಲ್ಲಿ ಮೂರಕ್ಷರ ಬಿಡಲು ಆಗಲಿಲ್ಲ.

ಆಕೆ ಹೋದ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಪೇಟಿಯ ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿದೆ. ಯಾಕೆ ಬಿಚ್ಚಿದೆನೋ, ಅಳಿಸಿದ್ದು ಒಳಗೆಲ್ಲಾದರೂ ಉಳಿದಿದ್ದೀತೆಂದೋ ಏನೋ. ಹೆಸರು ಸಿಗಲಿಲ್ಲ. ತಿದಿಯ ಮೇಲ್ಗಡೆ, ಪೇಟಿ ರಿಪೇರಿ ಮಾಡುವವರು ಬರೆದಿಡುವ ಹಾಗೆ, ಪೆನ್ಸಿಲ್ಲಿನ ಒಂದು ಸಾಲು ಸಿಕ್ಕಿತು. ಹೊಸ ಪೆಟ್ಟಿಗೆಗೆ ಪಾಲಿಶ್ ಎರಡನೇ ಸಲ, ತಿದಿ ದುರಸ್ತಿ, ತಾರೀಖು 12-3-47.

ಅಲ್ಲಿಯೇ ನೆಲದ ಮೇಲೆ ಕುಳಿತೆ. ಆ ಸಲದ ನಂತರ ಕಾಕಾ ಪೇಟಿಗೆ ಪಾಲಿಶ್ ಹಿಡಿಸಲೇ ಇಲ್ಲ. ಪಾಲಿಶಿನ ಪದರು ಹೆಚ್ಚಾದರೆ ದನಿ ಮಂದವಾಗುತ್ತದೆ ಎಂಬುದು ಅವನ ಹಟ, ಮನೆಯವರಿಗೆಲ್ಲ ಗೊತ್ತಿದ್ದದ್ದು. ಬಡಿಗೇರ ಅಜ್ಜ ಏನೆಂದಿದ್ದ? ಗೀರಿನೊಳಗೂ ಹಳೆಯ ಅರಗು ಕುಳಿತಿದೆ. ಅಂದರೆ ಹೆಸರು ಕೊರೆದದ್ದು ಆ ಪಾಲಿಶಿಗಿಂತ ಮೊದಲು. ಕಾಕಾನ ಲಗ್ನವಾದದ್ದು 1949ರಲ್ಲಿ.

ಕಾಕು ಮೂವತ್ತೇಳು ವರ್ಷ ಆ ಹೆಸರನ್ನು ತನ್ನ ಸಂಸಾರದೊಳಗೆ ನುಗ್ಗಿ ಬಂದದ್ದೆಂದು ತಿಳಿದಿದ್ದಳು. ಅದು ಅವಳು ಬರುವುದಕ್ಕಿಂತ ಮೊದಲೇ ಇತ್ತು. ಇದನ್ನು ಅವಳಿಗೆ ಹೇಳಬಹುದಾಗಿತ್ತು. ಹೇಳಿದ್ದರೆ ಸಂಕಟ ಕಡಿಮೆಯಾಗುತ್ತಿತ್ತೋ, ಬೇರೆಯಾಗುತ್ತಿತ್ತೋ, ಅದು ಬೇರೆ ಮಾತು. ಅಳಿಸುವ ಮೊದಲು ಒಮ್ಮೆ ಓದಬೇಕಿತ್ತು. ನಾನು ಅಕ್ಷರ ಓದಿದ್ದೆ, ಗೀರು ಓದಿರಲಿಲ್ಲ. ಇನ್ನು ಇಳಕಲ್ಲಿನಾಕೆಯ ಅವ್ವ? ಯಾರದೋ ಮನೆ ಮುರಿದವಳು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಸುಳ್ಳೆಂದು ತೋರಿಸಲು ಇದ್ದ ಒಂದೇ ಸಾಕ್ಷಿಯನ್ನು ನಾನು ದುಡ್ಡು ಕೊಟ್ಟು ಕೆರೆಸಿದ್ದೆ.

ಎಂಟು ದಿನ ಬಿಟ್ಟು ಹುನಗುಂದದ ಬಸ್ಸು ಹಿಡಿದೆ, ಅಲ್ಲಿಂದ ಇಳಕಲ್ಲಿಗೆ. ಓಣಿಯೆಲ್ಲ ಮಗ್ಗದ ಸಪ್ಪಳ. ಕೇಳಿಕೊಂಡು ಮನೆ ಹುಡುಕಿದೆ. ಆಕೆ ಕುಣಿಮಗ್ಗದಲ್ಲಿ ಕುಳಿತಿದ್ದರು. ಸೀರೆಯ ಒಡಲು ಮುಗಿದು ಸೆರಗು ಹಿಡಿಯುವ ಹೊತ್ತು. ನನ್ನನ್ನು ನೋಡಿ ಏಳಹೋದರು. ಕುಳಿತಿರಿ ಎಂದೆ, ನಾನು ಕಟ್ಟೆಯ ಮೇಲೆ ಕುಳಿತೆ. ಏನೇನೋ ಪೀಠಿಕೆ ಕಟ್ಟಿಕೊಂಡು ಹೋಗಿದ್ದೆ, ಯಾವುದೂ ನೆನಪಾಗಲಿಲ್ಲ.

"ಅಕ್ಕಾರ, ಆವತ್ತ ನಾ ಸುಳ್ಳ ಹೇಳಿದೆ. ಹೆಸರ ಇತ್ತು. ನಾನ ಕೆರಿಸಿದೆ."

"ಗೊತ್ತಾತ್ರಿ ಸರ" ಎಂದರು. "ಮೂರೂ ಕಡೆ ಬಣ್ಣ ಒಂದ ಇತ್ತು, ಆ ಮಗ್ಗಲದ್ದಷ್ಟ ಬ್ಯಾರೆ ಇತ್ತು. ನೂಲಿನ ಬಣ್ಣಾ ನೋಡಿ ನೋಡಿ ಕಣ್ಣಿಗೆ ರೂಢಿ ಆಗೇತಿ."

ನಾನು 1947ರ ಪೆನ್ಸಿಲ್ ಸಾಲಿನ ಮಾತು ಹೇಳಿದೆ, ಗೀರಿನೊಳಗಿನ ಅರಗಿನ ಮಾತು ಹೇಳಿದೆ. ಅವರು ಲಾಳಿಯನ್ನು ಕೈಯಲ್ಲಿ ಹಿಡಿದೇ ಕೇಳಿದರು.

"ನಿಮ್ಮ ಕಾಕಾರ ಲಗ್ನ ಯಾವಾಗ ಆತ್ರಿ?"

"ನಲವತ್ತೊಂಬತ್ತರಾಗ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ತಿರುಗಿ ಸೊಸೆಗೆ ಚಾ ಇಡಲು ಹೇಳಿ, ಮತ್ತೆ ಮಗ್ಗ ತುಳಿಯತೊಡಗಿದರು.