ಕಡಿಮೆ ಖರ್ಚಿನ ವಿಹಾರ: ಯಾರ ಖರ್ಚಿನಲ್ಲಿ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವೆಲ್ಲ ಊರು ಬಿಡುವಾಗ ಹಾಸಿಗೆಯ ಸುರುಳಿಯೊಂದಿಗೇ ಕಟ್ಟಿಕೊಂಡು ಬಂದವರು. ಮನೆ ಬಾಡಿಗೆ, ಮಕ್ಕಳ ಫೀ, ಊರಿಗೆ ಕಳಿಸುವ ಹಣ ಇವನ್ನೆಲ್ಲ ಕಳೆದ ಮೇಲೆ ಕೇಂದ್ರ ಸರಕಾರದ ಗುಮಾಸ್ತನೊಬ್ಬನ ಕೈಯಲ್ಲಿ ವಿಹಾರಕ್ಕೆಂದು ಎಷ್ಟು ಉಳಿದೀತೆಂಬುದನ್ನು ಸಂಘದ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ರವಿವಾರ ಬರುತ್ತದೆ. ಮಕ್ಕಳು ಮುಖ ನೋಡುತ್ತಾರೆ.

ಒಂದು ರವಿವಾರ ಮಕ್ಕಳ ಹಟಕ್ಕೆ ಮಣಿದು ದೊಡ್ಡದೊಂದು ಮಾಲ್‌ಗೆ ಹೋದೆವು. ಅಲ್ಲಿಯ ಚಿತ್ರಮಂದಿರದ ಟಿಕೆಟ್ ದರ ಕಂಡಾಗ ನಾಲ್ಕು ಜನರ ಲೆಕ್ಕ ಮನಸ್ಸಿನಲ್ಲೇ ಹಾಕಿ, "ಟಿಕೆಟ್ ಎಲ್ಲಾ ಮುಗದಾವ" ಎಂದುಬಿಟ್ಟೆ. ಮಕ್ಕಳು ನಂಬಿದರೆಂದೇ ತಿಳಿದಿದ್ದೆ. ಮರಳಿ ಬರುವಾಗ ಬಸ್ಸಿನಲ್ಲಿ ಹನ್ನೊಂದು ವರುಷದ ಮಗಳು ಮೆಲ್ಲಗೆ, "ಅಪ್ಪಾ, ಟಿಕೆಟ್ ಇದ್ದುವಲ್ಲಾ, ಅಲ್ಲೇ ಪರದೆ ಮ್ಯಾಲೆ ತೋರಸ್ತಿತ್ತು" ಎಂದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮಕ್ಕಳ ಮನ ನೋಯಬಾರದೆಂದು ಸುಳ್ಳು ಹೇಳಿದೆನೇ, ಇಲ್ಲವೇ ನನ್ನ ಮಾನ ಉಳಿಸಿಕೊಳ್ಳಲೋ? ಪ್ರಾಮಾಣಿಕವಾಗಿ ನೋಡಿದರೆ ಎರಡನೆಯದೇ ನಿಜ. ಹಣ ಇಲ್ಲದಿರುವುದು ತಪ್ಪಲ್ಲ. ಆದರೆ ಅದನ್ನು ಮುಚ್ಚಲು ಸುಳ್ಳು ಹೇಳಿದ ಕ್ಷಣದಲ್ಲಿ, ಅದು ನಾಚಿಕೆಗೇಡಿನ ಸಂಗತಿಯೆಂದು ನಾವೇ ಮಕ್ಕಳಿಗೆ ಪಾಠ ಹೇಳಿದಂತಾಗುತ್ತದೆ. ಮರುದಿನ ಮಗಳನ್ನೂ ಮಗನನ್ನೂ ಕೂಡ್ರಿಸಿಕೊಂಡು, "ನಿನ್ನೆ ನಾ ಸುಳ್ಳು ಹೇಳಿದೆ. ಅಷ್ಟು ರೊಕ್ಕ ಖರ್ಚು ಮಾಡೂದು ನಮ್ಮ ಕೈಲೆ ಆಗೂದಿಲ್ಲ" ಎಂದೆ. ಮಗ ಕೇಳಿದ ಪ್ರಶ್ನೆ ಒಂದೇ: "ಹಂಗಾದ್ರ ಮುಂದಿನ ರವಿವಾರ ಎಲ್ಲಿಗೆ?"

ಸದಾಶಿವ ಪೇಠದವರು ಈ ವಿಷಯದಲ್ಲಿ ಭಾಗ್ಯವಂತರು. ನಡೆದು ಹೋದರೆ ಸಾರಸಬಾಗ್; ಅಲ್ಲಿಂದ ಮುಂದೆ ಪರ್ವತಿ ಗುಡ್ಡ. ಅದರ ಮೆಟ್ಟಿಲು ಹತ್ತಲು ಹಣ ಬೇಡ, ಮೊಣಕಾಲು ಗಟ್ಟಿ ಇದ್ದರೆ ಸಾಕು. ಮೇಲಿನ ದೇವಸ್ಥಾನ ನಾನಾಸಾಹೇಬ ಪೇಶ್ವೆ 1749ರಲ್ಲಿ ಕಟ್ಟಿಸಿದ್ದು. ನಮ್ಮ ಪೇಠಕ್ಕೆ ಯಾರ ಹೆಸರೋ ಆ ಸದಾಶಿವರಾವ ಭಾವೂ 1761ರ ಜನವರಿಯಲ್ಲಿ ಪಾಣಿಪತ್ತಿನ ರಣದಲ್ಲಿ ಮಡಿದ; ಅದೇ ವರುಷ ಜೂನಿನಲ್ಲಿ ನಾನಾಸಾಹೇಬ ಇದೇ ಪರ್ವತಿಯ ಮೇಲೆ ಕೊನೆಯುಸಿರೆಳೆದ. ಮಕ್ಕಳಿಗೆ ಪುಸ್ತಕದ ಇತಿಹಾಸ ಇಲ್ಲಿ ಕಲ್ಲು ಮೆಟ್ಟಿಲಾಗಿ ಕಾಲಿಗೆ ತಗಲುತ್ತದೆ. ಇನ್ನು ಜಂಗಲೀ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹೆ. ಬಂಡೆ ಕೊರೆದು ಮಾಡಿದ ಈ ಗುಡಿ, ಅಂಗಳದ ದುಂಡನೆಯ ನಂದಿಮಂಟಪ, ಎಂಟನೆಯ ಶತಮಾನದ ರಾಷ್ಟ್ರಕೂಟರ ಕಾಲದವು. ಅವರು ಮುಂದೆ ರಾಜಧಾನಿ ಮಾಡಿಕೊಂಡ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದನ್ನು ಹೇಳಿದಾಗ ನನ್ನ ಮಗ, "ಅಂದ್ರ ನಮ್ಮವರು ನಮಗಿಂತ ಮೊದಲ ಇಲ್ಲಿ ಬಂದಿದ್ರು!" ಎಂದು ಎದೆಯುಬ್ಬಿಸಿದ. ಪರಊರಿನಲ್ಲಿ ಬೆಳೆಯುವ ಮಗುವಿಗೆ ಇದು ಸಣ್ಣ ಲಾಭವಲ್ಲ.

ಹೀಗೆ ನಾನು ಅಗ್ಗದ ವಿಹಾರದ ಪ್ರಚಾರಕನೇ ಆಗಿಬಿಟ್ಟೆ. ಒಂದು ಸಂಜೆ ಪರ್ವತಿಯಿಂದ ಇಳಿದು ಬಂದು, ಖರ್ಚಿನ ವಹಿಯಲ್ಲಿ ಸೊನ್ನೆ ಬರೆದು, "ನೋಡು, ಇವತ್ತಿನ ದಿನ ಪೂರ್ತಿ ಪುಕಟ್!" ಎಂದೆ. ಡಬ್ಬಿ ತೊಳೆಯುತ್ತಿದ್ದ ಹೆಂಡತಿ ತಿರುಗಿ ನೋಡದೆಯೇ ಉತ್ತರಿಸಿದಳು: "ಪುಕಟ್ ಅಂತೀರಲ್ಲ, ಮುಂಜಾನೆ ನಾಕಕ್ಕ ಎದ್ದು ರೊಟ್ಟಿ ಬಡದಾಕಿ ನಾನು. ವಾರದಾಗ ಒಂದ ದಿನ ನನಗೂ ಸೂಟಿ ಬ್ಯಾಡೇನ್ರಿ?"

ನಾನು ವಿಜ್ಞಾನ ಓದಿದವನು. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು, ಅದು ರೂಪ ಬದಲಿಸುತ್ತದೆ ಅಷ್ಟೇ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಮನೆಯ ಖರ್ಚಿಗೂ ಅದೇ ನಿಯಮವೆಂಬುದು ಮಾತ್ರ ಹೊಳೆದಿರಲಿಲ್ಲ. ನನ್ನ ಜೇಬಿನಿಂದ ಮಾಯವಾದ ಖರ್ಚು ಅವಳ ನಿದ್ದೆಯಲ್ಲಿ, ಅವಳ ಬೆನ್ನುನೋವಿನಲ್ಲಿ ಜಮೆಯಾಗಿತ್ತು.

ಊರಿನ ಎಳ್ಳ ಅಮಾವಾಸ್ಯೆ ನೆನಪಾಯಿತು. ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡದ್ದಕ್ಕಿಂತ ದೊಡ್ಡ ವಿಹಾರವನ್ನು ನಾನು ಕಂಡಿಲ್ಲ. ಅದಕ್ಕೂ ಅವ್ವ, ಕಾಕು, ಅಕ್ಕಂದಿರು ಎರಡು ದಿನ ಒಲೆಯ ಮುಂದೆ ಕುಳಿತಿದ್ದರು. ಆದರೆ ಅಲ್ಲಿ ಐದಾರು ಜೊತೆ ಕೈಗಳಿದ್ದವು, ನಡುವೆ ಹಾಡು ಹರಟೆ ಇತ್ತು. ಇಲ್ಲಿ ಎರಡು ಖೋಲಿಯ ಮನೆಯಲ್ಲಿ ಇರುವುದು ಒಂದೇ ಜೊತೆ ಕೈ. ಊರಿನ ಪದ್ಧತಿಯನ್ನು ಶಹರಕ್ಕೆ ತಂದೆವು; ಆ ಕೈಗಳನ್ನು ತರಲಿಲ್ಲ.

ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಭೇದವೂ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ತನ್ನ ಸುಖದಲ್ಲಿ ಉಳಿಸುವುದು ಮಿತವ್ಯಯ; ಇನ್ನೊಬ್ಬರ ದುಡಿಮೆಯಲ್ಲಿ ಉಳಿಸಿ ತನ್ನ ವಹಿಯಲ್ಲಿ ಸೊನ್ನೆ ಬರೆಯುವುದು ಜಿಪುಣತನ, ಅದೂ ಲೆಕ್ಕ ತಪ್ಪಿಸಿದ ಜಿಪುಣತನ. ಟಿಕೆಟ್ಟಿನ ಮುಂದೆ ಮಕ್ಕಳಿಗೆ ಹೇಳಿದ ಸುಳ್ಳಿಗೂ ಈ ಸೊನ್ನೆಗೂ ಬಹಳ ದೂರವಿಲ್ಲ.

"ಮನಿಯವರಿಗೆ ಬುತ್ತಿ ಕಟ್ಟೂದಂದ್ರ ಹೆಂಗಸರಿಗೆ ಸಂತೋಷನ ಅಲ್ಲೇನು?" ಎಂದು ಗೆಳೆಯರೊಬ್ಬರು ವಾದಿಸಿದರು. ಇರಬಹುದು, ನನ್ನ ಹೆಂಡತಿಗೂ ಎಷ್ಟೋ ಸಲ ಇದೆ. ಆದರೆ ಸಂತೋಷ ಅವಳದಾದರೆ ಅದನ್ನು ಹೇಳಬೇಕಾದವಳೂ ಅವಳೇ. ಕೇಳದೆಯೇ ನಾವು ಅವಳ ಪರವಾಗಿ ಸಂತೋಷಪಡುವುದು ನ್ಯಾಯವಲ್ಲ.

ಈಗ ನಮ್ಮಲ್ಲಿ ಸಣ್ಣದೊಂದು ಬದಲಾವಣೆಯಾಗಿದೆ. ಚುರುಮುರಿಗೆ ಉಳ್ಳಾಗಡ್ಡಿ ಹೆಚ್ಚುವುದು ನನ್ನ ಪಾಳಿ, ಶೇಂಗಾ ಹುರಿಯುವುದು ಮಗಳದು, ನೀರಿನ ಬಾಟಲಿ ತುಂಬುವುದು, ಮರಳಿ ಬಂದು ಡಬ್ಬಿ ತೊಳೆಯುವುದು ಮಗನದು. ತಿಂಗಳಿಗೊಮ್ಮೆ ಬುತ್ತಿಯೇ ಇಲ್ಲ. ಹೋಟೆಲಿನಲ್ಲಿ ಇಡ್ಲಿ ತಿಂದು ಆ ಹಣವನ್ನು ವಹಿಯಲ್ಲಿ ನಿಸ್ಸಂಕೋಚವಾಗಿ ಬರೆಯುತ್ತೇನೆ. ಕೆಲವೊಮ್ಮೆ ಖರ್ಚು ಮಾಡುವುದೂ ನ್ಯಾಯವೇ. ನಾನು ಹೆಚ್ಚಿದ ಉಳ್ಳಾಗಡ್ಡಿ ದಪ್ಪವಾಗಿರುತ್ತದೆಂಬ ದೂರು ಇನ್ನೂ ಇದೆ.

ವಾಚಕ ಬಂಧುಗಳೇ, ಮುಂದಿನ ರವಿವಾರ ನೀವೂ ಅವಶ್ಯ ಹೊರಗೆ ಹೋಗಿರಿ. ಪುಣೆಯ ಗುಡ್ಡಗಳು, ಗುಡಿಗಳು ನಮ್ಮಂಥವರಿಗಾಗಿಯೇ ಬಾಗಿಲು ತೆರೆದಿವೆ. ಸಂಜೆ ಮನೆಗೆ ಬಂದು ವಹಿಯಲ್ಲಿ ಸೊನ್ನೆ ಬರೆಯುವ ಮೊದಲು ಮಾತ್ರ, ಬುತ್ತಿ ಕಟ್ಟಿದವರನ್ನು ಒಂದು ಮಾತು ಕೇಳಿರಿ.