ಇಳಿದ ನೀರು, ಒಡೆದ ಗುಡ್ಡ

ಥಾಣೆ ಖಾಡಿಯಲ್ಲಿ ಫ್ಲೆಮಿಂಗೊ ನೋಡಲು ಐರೋಲಿಯಿಂದ ಹೊರಡುವ ದೋಣಿಗೆ ಖಾಯಂ ಗಂಟೆ ಇಲ್ಲ. ಉಬ್ಬರ-ಇಳಿತದ ಹೊತ್ತು ನೋಡಿಯೇ ದೋಣಿ ಬಿಡುತ್ತಾರೆ. ಇವತ್ತಿನ ಹೊತ್ತು ನಾಳೆಗಿಲ್ಲ. ಡೊಂಬಿವಲಿಯಲ್ಲಿ ನಿಮಿಷ ಎಣಿಸಿ ಲೋಕಲ್ ಹಿಡಿಯುವ ನಮ್ಮಂಥವರ ಮೈಗೆ ಈ ಲೆಕ್ಕ ಬೇಗ ಒಗ್ಗುವುದಿಲ್ಲ. ಕಾಂಡ್ಲಾ ಗಿಡಗಳ ನಡುವಿನಿಂದ ದೋಣಿ ಹೊರಗೆ ಬಂದರೆ, ನೀರು ಇಳಿದ ಕಡೆಯೆಲ್ಲ ಕೆಸರಿನ ಬಯಲು. ಅದರ ತುಂಬ ತಲೆ ತಗ್ಗಿಸಿ ಮೇಯುವ ಗುಲಾಬಿ ಹಕ್ಕಿಗಳು. ಕೆಲವೇ ತಾಸಿನಲ್ಲಿ ಅಲ್ಲಿ ಬಯಲೇ ಇರುವುದಿಲ್ಲ. ದಿನಕ್ಕೆ ಎರಡು ಸಲ ಮುಳುಗುವ ಈ ನೆಲವನ್ನು ನಂಬಿಯೇ ಅವು ಕಛ್ ಕಡೆಯಿಂದ ಇಷ್ಟು ದೂರ ಹಾರಿ ಬರುತ್ತವೆ. ಅನಿತ್ಯವೆಂದರೆ ನಷ್ಟ ಎಂದೇ ನಾವು ಮಾತಾಡುತ್ತೇವೆ. ಈ ಹಕ್ಕಿಗಳಿಗೆ ಅದು ಊಟ.

ಇದೇ ಸೀಮೆಯ ಕಲ್ಯಾಣ್ ಒಂದು ಕಾಲಕ್ಕೆ ದೊಡ್ಡ ಬಂದರು. ಒಂದನೆಯ ಶತಮಾನದ ಗ್ರೀಕ್ ಸಮುದ್ರಯಾನದ ಗ್ರಂಥ 'ಪೆರಿಪ್ಲಸ್'ನಲ್ಲಿ ಅದರ ಹೆಸರಿದೆ. ಅಲ್ಲಿನ ವರ್ತಕರು ಕಾನ್ಹೇರಿಯ ಬೌದ್ಧ ಗುಹೆಗಳಿಗೆ ದಾನ ಕೊಟ್ಟರು, ಕಲ್ಲಿನಲ್ಲಿ ಹೆಸರು ಕೆತ್ತಿಸಿದರು. ಅಸಲು ಎಂದೂ ಕರಗದೆ ಬಡ್ಡಿಯಿಂದಲೇ ಭಿಕ್ಷುಗಳ ಖರ್ಚು ನಡೆಯಲಿ ಎಂದು ಅಕ್ಷಯನೀವಿ ಇಟ್ಟವರೂ ಅಲ್ಲಿ ಇದ್ದಾರೆ. ಯಾವುದೂ ನಿಲ್ಲದು ಎಂದು ಬೋಧಿಸುವವರ ಕೈಗೆ ಎಂದೆಂದಿಗೂ ಮುಗಿಯದ ನಿಧಿ! ಆ ವರ್ತಕರ ಮೇಲೆ ನನಗೆ ತುಂಬ ಪ್ರೀತಿ. ಅವರು ಕೇಳಿಸಿಕೊಂಡ ಬೋಧೆಯೂ ನಿಜ, ಮುಂದಿನ ಮಳೆಗಾಲಕ್ಕೆ ಭಿಕ್ಷುಗಳಿಗೆ ಬಟ್ಟೆ ಬೇಕೆಂಬ ಕಾಳಜಿಯೂ ನಿಜ. ಒಂಬತ್ತನೆಯ ಶತಮಾನದಲ್ಲಿ ಕಾನ್ಹೇರಿಯಲ್ಲಿ ಕೆತ್ತಿದ ಶಾಸನಗಳಲ್ಲಿ ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಬರುತ್ತದೆ. ಈ ಕೊಂಕಣವನ್ನಾಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಈಗ ಕಲ್ಯಾಣ್ ಎಂದರೆ ನಮಗೆ ರೈಲು ಜಂಕ್ಷನ್ ಅಷ್ಟೆ.

ಕರಾವಳಿಯ ನಮ್ಮ ಹಿರಿಯರು ಈ ಕಡೆಗೆ ಬಂದದ್ದೂ ನೀರಿನ ಮೇಲೆಯೇ. ಹಂಚು ಹೇರಿದ ಮಂಜಿಗಳಲ್ಲಿ, ಆಮೇಲೆ ಹೊಗೆಹಡಗಿನಲ್ಲಿ. "ಎರಡು ವರ್ಷ ದುಡಿದು ಬರುತ್ತೇನೆ ಅಮ್ಮ" ಎಂದು ಹೊರಟ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ನಿದ್ದೆ ತಡೆದು ಕುಳಿತರು. ಸಂಸಾರ ಬೆಳೆದಾಗ ಮುಂಬಯಿಯ ಬಾಡಿಗೆ ಹೊರಲಾಗದೆ ಥಾಣೆ, ಡೊಂಬಿವಲಿ, ಕಲ್ಯಾಣ್ ಎಂದು ಸರಿಯುತ್ತ ಹೋದರು. ಮಂಜಿಗಳು ಮರೆಯಾದವು, ಹಡಗು ನಿಂತಿತು. ಪನ್ವೇಲಿನಿಂದ ಕರಾವಳಿ ಹಿಡಿದು ಊರಿಗಿಳಿಯುವ ಹೆದ್ದಾರಿಯ ನಂಬರು ಕೂಡ 17 ಇದ್ದದ್ದು 66 ಆಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದ ಮೇಲೆ, ಘಾಟಿಯ ತಿರುವುಗಳಲ್ಲಿ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ರಾತ್ರಿ ಕಳೆಯುತ್ತಿದ್ದ ಬಸ್ ಪ್ರಯಾಣ ಹಲವರ ಪಾಲಿಗೆ ಮುಗಿಯಿತು. ಮುಗಿಯದೆ ಉಳಿದದ್ದು ಆ 'ಎರಡು ವರ್ಷ' ಒಂದೇ. ಅದೀಗ ಮೂರನೆಯ ತಲೆಮಾರಿಗೆ ಕಾಲಿಟ್ಟಿದೆ.

ಇಷ್ಟನ್ನೂ ನಾನು ಸಮಾಧಾನದಿಂದ ಹೇಳಬಲ್ಲೆ. ಪನ್ವೇಲ್ ಕಡೆಗೆ ಹೋಗುವಾಗ ಮಾತ್ರ ಈ ಸಮಾಧಾನ ನಿಲ್ಲುವುದಿಲ್ಲ.

ನವಿ ಮುಂಬಯಿ ವಿಮಾನ ನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡವನ್ನು ಸಿಡಿಮದ್ದಿಟ್ಟು ಒಡೆದು ನೆಲಸಮ ಮಾಡಿದರು, ಉಲ್ವೆ ನದಿಯ ದಿಕ್ಕು ತಿರುಗಿಸಿದರು. ಚಿಂಚ್‌ಪಾಡಾ, ಕೋಂಬಡ್‌ಭುಜೆ, ವಾಘಿವಲಿ ಮೊದಲಾದ ಹಳ್ಳಿಗಳು ಎದ್ದು ಹೋದವು. 2025ರ ಅಕ್ಟೋಬರ್ 8ರಂದು ನಿಲ್ದಾಣದ ಉದ್ಘಾಟನೆಯಾಯಿತು. ಊರಿನಿಂದ ನಮ್ಮ ಮಕ್ಕಳು ನಾಳೆ ಅಲ್ಲಿಯೇ ಬಂದಿಳಿಯುತ್ತಾರೆ, ಅದರ ಅನುಕೂಲ ನನಗೂ ಸಲ್ಲುತ್ತದೆ. ಆದರೂ ಗುಡ್ಡ ಹೋದದ್ದಕ್ಕೆ 'ಎಲ್ಲವೂ ಅನಿತ್ಯ' ಎಂದುಬಿಡಲು ನನಗೆ ಬಾಯಿ ಬರುವುದಿಲ್ಲ. ಖಾಡಿಯ ನೀರು ಇಳಿಯುವುದಕ್ಕೆ ಯಾರ ಸಹಿಯೂ ಬೇಕಿಲ್ಲ. ಗುಡ್ಡಕ್ಕೆ ನಕ್ಷೆ ಬರೆದವರಿದ್ದರು, ಆದೇಶ ಹೊರಡಿಸಿದವರಿದ್ದರು, ಪರಿಹಾರದ ಮೊತ್ತ ಕಟ್ಟಿದವರಿದ್ದರು. ನನ್ನ ವಯಸ್ಸು, ನನ್ನ ಮನೆ, ನನ್ನವರು ಎಂಬುದರ ಬಗ್ಗೆ ಆ ಮಾತನ್ನು ನಾನು ಹೇಳಿಕೊಳ್ಳಬಹುದು. ಅಂಗಳ ಬಿಟ್ಟು ಹೊರಟ ಆಗ್ರಿ ಅಥವಾ ಕೋಳಿ ಸಮುದಾಯದ ಮುದುಕಿಯೊಬ್ಬಳ ಎದುರು ನಿಂತು ಅದನ್ನು ಹೇಳಿದರೆ ಅದು ವೇದಾಂತವಾಗುವುದಿಲ್ಲ.

ನವಿ ಮುಂಬಯಿಗಾಗಿ ಹೊಲ-ಗದ್ದೆಗಳನ್ನು ಸ್ವಾಧೀನ ಮಾಡಿಕೊಂಡಾಗಲೂ ಇಲ್ಲಿನ ರೈತರು ಅದನ್ನು ಕಾಲದ ಆಟವೆಂದು ಒಪ್ಪಿ ಕೂರಲಿಲ್ಲ. 1984ರ ಜನವರಿಯಲ್ಲಿ ರೈತ ನಾಯಕ ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ಜಾಸಯಿ ಹಳ್ಳಿಯ ಸುತ್ತಮುತ್ತ ಬೀದಿಗಿಳಿದರು, ಪೊಲೀಸರ ಗುಂಡಿಗೆ ಐವರು ಬಲಿಯಾದರು. ಕೊಟ್ಟ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ನಿಯಮ ಬಂದದ್ದು ಆ ಹೋರಾಟದಿಂದ.