ಎರಡನೇ ಸಲ ಕೇಳುವುದು

ಕ್ರೂಸ್ ಹಡಗಿನ ಟಿಕೆಟ್ ದರದಲ್ಲಿ ಒಂದು ಮಜಾ ಲೆಕ್ಕ ಇರುತ್ತದೆ. ಕ್ಯಾಬಿನ್ನಿಗೆ ಬೆಲೆ ಕಟ್ಟುವುದೇ ಇಬ್ಬರ ಲೆಕ್ಕದಲ್ಲಿ. ಮೊದಲ ಇಬ್ಬರಿಗೆ ಪೂರ್ತಿ ದರ. ಅದೇ ಕ್ಯಾಬಿನ್ನಿಗೆ ಮೂರನೆಯವನು, ನಾಲ್ಕನೆಯವನು ಸೇರಿಕೊಂಡರೆ ಅವರಿಗೆ ಸಾಮಾನ್ಯವಾಗಿ ಕಡಿಮೆ ದರ. ರೂಮು ಹೇಗೂ ಮಾರಾಟ ಆಗಿದೆ, ಇನ್ನೆರಡು ತಲೆ ಬಂದರೆ ಕಂಪನಿಗೆ ಲಾಭವೇ. ಆದರೆ ಆ ಇಬ್ಬರಿಗೆ ಸಿಗುವುದು ರಾತ್ರಿ ಗೋಡೆಯಿಂದಲೋ ಮೇಲ್ಛಾವಣಿಯಿಂದಲೋ ಇಳಿಸಿ, ಬೆಳಿಗ್ಗೆ ಮಡಚಿಡುವ ಬರ್ತ್. ಏಣಿ ಹತ್ತಿ ಮಲಗಬೇಕು, ಎದ್ದು ಕೂತರೆ ತಲೆ ತಾಗುತ್ತದೆ.

ಗೆಳೆಯರಾದವರು ಇದೆಲ್ಲ ನೋಡುವುದಿಲ್ಲ. ಒಟ್ಟು ಮೊತ್ತ ತೆಗೆದು ನಾಲ್ಕರಿಂದ ಭಾಗಿಸುತ್ತಾರೆ, ಯುಪಿಐ ಮಾಡಿ ಮುಗಿಸುತ್ತಾರೆ. ದುಡ್ಡು ಸಮ ಆಯಿತು. ಹಾಸಿಗೆ ಸಮ ಆಗಲಿಲ್ಲ. ಹಾಗಾದರೆ ಮೇಲೆ ಯಾರು ಮಲಗಬೇಕು?

ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ 2ಬಿಎಚ್‌ಕೆ ಫ್ಲ್ಯಾಟಿನಲ್ಲಿ ಅಟ್ಯಾಚ್ಡ್ ಬಾತ್‌ರೂಮ್ ಯಾರಿಗೆ, ಕಾರಿನಲ್ಲಿ ನಡುವಿನ ಸೀಟು ಯಾರಿಗೆ, ದೀಪಾವಳಿ ದಿನ ಆನ್-ಕಾಲ್ ಯಾರು ಅನ್ನುವುದೂ ಇದೇ ಪ್ರಶ್ನೆ. ಜಾಗ ಕಡಿಮೆ ಇದ್ದಾಗ ಯಾರೋ ಒಬ್ಬರು ಸರಿದುಕೊಳ್ಳಬೇಕು. ಅದು ಯಾರು, ಮತ್ತು ಪ್ರತಿ ಸಲ ಅವರೇ ಯಾಕೆ?

ನಾವು ನಾಲ್ವರು ಎಂಜಿನಿಯರಿಂಗ್ ಹಾಸ್ಟೆಲ್ ಗೆಳೆಯರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲ ಬೆಳಗಾವಿ ಜಿಲ್ಲೆಯವೇ. ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆಯೋದು ಆಗಿನಿಂದ ರೂಢಿ. ಮೂವರು ಐಟಿ ಅಂತ ಬೆಂಗಳೂರು, ಪುಣೆ ಸೇರಿದೆವು. ರಾಮದುರ್ಗ ಮಾತ್ರ ಊರಿಗೆ ಹೋಗಿ ಮನೆಯ ಪವರ್‌ಲೂಮ್ ನೋಡಿಕೊಳ್ಳುತ್ತಾನೆ. ಮುಂಬೈನಿಂದ ಗೋವಾಕ್ಕೆ ಹೋಗಿಬರುವ ಕ್ರೂಸಿನಲ್ಲಿ ಮೂರು ರಾತ್ರಿಗೆ ಒಂದೇ ಕ್ಯಾಬಿನ್ ತಗೊಂಡೆವು. ಕಿಟಕಿ ಇಲ್ಲದ್ದು, ಎಲ್ಲಕ್ಕಿಂತ ಅಗ್ಗದ್ದು. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯದು. ಒಳಗೆ ಕಾಲಿಟ್ಟ ಕೂಡಲೇ ರಾಮದುರ್ಗ, "ನಂದು ಮ್ಯಾಲೆ ನಡಿತೈತಿ ಬಿಡ್ರಲೇ" ಅಂದ. ಇನ್ನೊಂದು ಮೇಲಿನ ಬರ್ತ್ ನನ್ನ ಪಾಲಿಗೆ ಬಂತು. ಕೆಳಗಿನವು ಕಿತ್ತೂರು, ಸವದತ್ತಿಗೆ. ಒಂದು ನಿಮಿಷದಲ್ಲಿ ಹಂಚಿಕೆ ಮುಗಿಯಿತು.

ನಮ್ಮಂಥವರಿಗೆ ಇಂಥದ್ದಕ್ಕೆಲ್ಲ ಅಲ್ಗಾರಿದಮ್ ಹುಡುಕುವ ಚಟ. ನಿಜಕ್ಕೂ ಇದೆ. ಸಮನಾಗಿ ಹಂಚುವುದು ಹೇಗೆ ಅನ್ನುವುದನ್ನು ಪೋಲೆಂಡಿನ ಹ್ಯೂಗೋ ಸ್ಟೈನ್‌ಹೌಸ್ 1940ರ ದಶಕದಲ್ಲೇ ಗಣಿತದ ಪ್ರಶ್ನೆಯಾಗಿ ಎತ್ತಿದ್ದರು. 1999ರಲ್ಲಿ ಅಮೆರಿಕದ ಗಣಿತಜ್ಞ ಫ್ರಾನ್ಸಿಸ್ ಸು, ಒಂದೇ ಮನೆ ಹಿಡಿದ ಗೆಳೆಯರು ಬೇರೆ ಬೇರೆ ಅಳತೆಯ ಕೋಣೆಗಳನ್ನು, ಬಾಡಿಗೆಯನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವುದರ ಮೇಲೆಯೇ ಪೇಪರ್ ಬರೆದರು. ಕೆಲವು ಸಾಧಾರಣ ಷರತ್ತುಗಳಿದ್ದರೆ ಸಾಕು, ಯಾರಿಗೂ ಇನ್ನೊಬ್ಬರದು ತನ್ನದಕ್ಕಿಂತ ಚೆನ್ನಾಗಿದೆ ಅನ್ನಿಸದಂಥ ಹಂಚಿಕೆ ಸಿಕ್ಕೇ ಸಿಗುತ್ತದೆ ಅಂತ ತೋರಿಸಿದರು. 2014ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಇದಕ್ಕಾಗಿ ಸ್ಪ್ಲಿಡಿಟ್ ಅಂತ ವೆಬ್‌ಸೈಟನ್ನೇ ಮಾಡಿದರು. ಯಾವ ಕೋಣೆ ತನಗೆ ಎಷ್ಟು ಬೆಲೆಬಾಳುತ್ತದೆ ಅಂತ ಪ್ರತಿಯೊಬ್ಬರೂ ಅಂಕಿ ಹಾಕಬೇಕಿತ್ತು, ಉಳಿದದ್ದು ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು.

ಹಳ್ಳಿಯಲ್ಲೂ ಇದರ ಹಳೇ ವರ್ಷನ್ ಉಂಟು. ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು ಅನ್ನೋ ಪದ್ಧತಿ ಹಲವು ಮನೆಗಳಲ್ಲಿದೆ. ತನಗೆ ಯಾವ ಪಾಲು ಉಳಿಯುತ್ತದೋ ಗೊತ್ತಿಲ್ಲದಿದ್ದಾಗ ಹಂಚುವ ಕೈ ತಾನಾಗೇ ನೆಟ್ಟಗಾಗುತ್ತದೆ.

ಎರಡೂ ಜಾಣ ಉಪಾಯಗಳೇ. ಆದರೆ ಎರಡು ಕಡೆ ಸೋರುತ್ತವೆ.

ಒಂದು, ದುಡ್ಡು. ಮೇಲಿನ ಬರ್ತಿಗೆ ಸಾವಿರ ರೂಪಾಯಿ ಕಡಿಮೆ ಅಂತ ಇಟ್ಟೆವು ಅಂದುಕೊಳ್ಳಿ. ಅದನ್ನು ಆರಿಸುವವನು ಯಾರು? ಆ ಸಾವಿರ ಯಾರಿಗೆ ಭಾರವೋ ಅವನು. ಕಂಪ್ಯೂಟರು ಅದನ್ನು "ಅವನಿಗೆ ಅದೇ ಇಷ್ಟ" ಅಂತ ಬರೆದುಕೊಳ್ಳುತ್ತದೆ. ಲೆಕ್ಕ ಸರಿ, ಯಾರಿಗೂ ಹೊಟ್ಟೆಕಿಚ್ಚಿಲ್ಲ. ಆದರೆ ಪ್ರತಿ ಟ್ರಿಪ್ಪಿನಲ್ಲೂ ಕಡಿಮೆ ಸಂಬಳದ ಗೆಳೆಯನೇ ಏಣಿ ಹತ್ತುತ್ತಾನೆ.

ಎರಡು, ಅಂಕಿ. ಈ ಎಲ್ಲ ಗಣಿತವೂ ಪ್ರತಿಯೊಬ್ಬನೂ ತನಗೆ ಬೇಕಾದದ್ದನ್ನು ನಿಜವಾಗಿ ಹೇಳುತ್ತಾನೆ ಅನ್ನುವ ನಂಬಿಕೆಯ ಮೇಲೆ ನಿಂತಿದೆ. "ನಡಿತೈತಿ" ಅನ್ನುವವನು ಎಲ್ಲ ಹಾಸಿಗೆಗೂ ಒಂದೇ ಅಂಕಿ ಹಾಕಿಬಿಡುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಬೇಕು ಅನ್ನುವುದನ್ನು ಬಾಯಿಬಿಟ್ಟು ಹೇಳಬಾರದು ಅಂತ ಅವನನ್ನು ಬೆಳೆಸಿದ್ದಾರೆ, ಅಷ್ಟೇ.

ಹಾಗೆ ಬೆಳೆಸಿದ್ದು ತಪ್ಪು ಅಂತಲೂ ನನಗೆ ಅನ್ನಿಸುವುದಿಲ್ಲ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವವರನ್ನು ನೋಡಿದ್ದರೆ ಇದು ಅರ್ಥವಾಗುತ್ತದೆ. ಒಂದು ಚಕ್ಕಡಿಯಲ್ಲಿ ಅಜ್ಜಿ, ಹುಡುಗರು, ಬುತ್ತಿಗಂಟು, ಪಾತ್ರೆ, ಎತ್ತಿನ ಮೇವು. ಕ್ರೂಸ್ ಕ್ಯಾಬಿನ್ ಅದರ ಮುಂದೆ ಬಂಗಲೆ. ಹಿಂದೆ ಕೂತವರಿಗೆ ಧೂಳು, ಕುಲುಕಾಟ. ಆದರೂ ಯಾರೋ ಒಬ್ಬರು "ನಂಗ ಹಿಂದ ನಡಿತೈತಿ" ಅಂತ ಹತ್ತಿ ಕೂರುತ್ತಾರೆ. ಆ ಮಾತು ಅಲ್ಲಿಗೇ ಕಳೆದುಹೋಗುವುದಿಲ್ಲ. ಊರಲ್ಲಿ ಮುಯ್ಯಾಳು ಅಂತ ಇದೆ: ನಿನ್ನ ಹೊಲಕ್ಕೆ ಇವತ್ತು ನಾನು ಬಂದರೆ ನನ್ನ ಹೊಲಕ್ಕೆ ನಾಳೆ ನೀನು. ಲಗ್ನದಲ್ಲಿ ಮುಯ್ಯಿ ಮಾಡಿದ್ದನ್ನೂ ಜನ ನೆನಪಿಟ್ಟು ತೀರಿಸುತ್ತಾರೆ. ಹಿಂದೆ ಕೂತವರನ್ನು ಬರುವಾಗ ಮುಂದೆ ಕೂರಿಸುತ್ತಾರೆ, ಇಲ್ಲಾ ಮುಂದಿನ ವರ್ಷ. ಹೇಳದೆಯೇ ಸರಿದುಕೊಳ್ಳುವವನ ಖಾತೆಯನ್ನು ಇಡೀ ಓಣಿ ಇಟ್ಟಿರುತ್ತದೆ.

ಮೂರು ರಾತ್ರಿಯ ಹಡಗಿನಲ್ಲಿ ಆ ಖಾತೆ ಯಾರು ಇಡುತ್ತಾರೆ? ನಾವು ಸೇರುವುದೇ ವರ್ಷಕ್ಕೊಮ್ಮೆ. ಫ್ಲ್ಯಾಟ್‌ಮೇಟ್ ಆರು ತಿಂಗಳಿಗೆ ಬದಲಾಗುತ್ತಾನೆ, ಟೀಮು ಅದಕ್ಕೂ ಬೇಗ. ಮಾತು ಮಾತ್ರ ನಮ್ಮ ಜೊತೆ ಪಟ್ಟಣಕ್ಕೆ ಬಂದಿದೆ, ಅದನ್ನು ತೀರಿಸುವ ವ್ಯವಸ್ಥೆ ಊರಲ್ಲೇ ಉಳಿಯಿತು. ಹಾಗಾಗಿ ಇಲ್ಲಿ "ನಡಿತೈತಿ" ಅನ್ನುವವನು ಕೊಡುತ್ತಲೇ ಇರುತ್ತಾನೆ, ತೆಗೆದುಕೊಂಡವರಿಗೆ ತಗೊಂಡದ್ದೇ ಗೊತ್ತಿರುವುದಿಲ್ಲ.

ಎರಡನೇ ದಿನ ಸಂಜೆ ಡೆಕ್ ಮೇಲೆ ಚಹಾ ಕುಡಿಯುವಾಗ ಸವದತ್ತಿ ಕೇಳಿದ: "ರಾತ್ರಿ ನಿದ್ದಿ ಬಂತೇನಲೇ?"

"ನಡಿತೈತಿ ಬಿಡಲೇ."

"ನಡಿತೈತೇನ ಅಂತ ಕೇಳ್ಲಿಲ್ಲ. ನಿದ್ದಿ ಬಂತೇನ ಅಂತ ಕೇಳೀನಿ."

ರಾಮದುರ್ಗ ಸ್ವಲ್ಪ ಹೊತ್ತು ಸಮುದ್ರ ನೋಡಿದ. ಆಮೇಲೆ ಹೇಳಿದ: "ಕಬಡ್ಡಿಯಾಗ ಮಣಕಾಲ ತಿರುವಿತ್ತಲ್ಲ, ಏಣಿ ಇಳಿಯಾಕ ತ್ರಾಸ ಆಗತೈತಿ. ರಾತ್ರಿ ಒಂದಕ್ಕ ಹೋಗಬೇಕಾಗಿತ್ತು. ನಿಮ್ಮನ್ನ ಎಬ್ಬಿಸೂದು ಬ್ಯಾಡಂತ ಬೆಳತನಕ ಹಂಗ ತಡಕೊಂಡ ಮಲಗಿದ್ದೆ."

ಅವತ್ತು ರಾತ್ರಿ ಸವದತ್ತಿ ಮೇಲೆ ಹತ್ತಿದ. ಅದರ ಬಗ್ಗೆ ಮತ್ತೆ ಯಾರೂ ಮಾತಾಡಲಿಲ್ಲ.

ಸವದತ್ತಿ ಮಾಡಿದ್ದು ಹೊಸದೇನಲ್ಲ. ನಮ್ಮ ಕಡೆ ಊಟಕ್ಕೆ ಕೂತವರು "ಸಾಕ್ರಿ" ಅಂದರೆ ಬಡಿಸುವವರು ಅಲ್ಲಿಗೇ ರೊಟ್ಟಿ ಬುಟ್ಟಿ ಎತ್ತಿಡುವುದಿಲ್ಲ. ಮೊದಲನೇ "ಸಾಕ್ರಿ" ಸಂಕೋಚದ್ದು, ಎರಡನೆಯದು ಹೊಟ್ಟೆಯದು. ಎರಡನೇ ಸಲ ಕೇಳಿದ ಮೇಲೆಯೇ ಉತ್ತರ ಸಿಕ್ಕಂತೆ.

ಇದು ಬಲವಂತವಲ್ಲವೇ ಅಂತ ನೀವು ಕೇಳಬಹುದು. ಬೇಡ ಅಂದಮೇಲೆ ಬೇಡ, ಅದನ್ನು ಗೌರವಿಸಬೇಕು ಅಂತ ನಾವೇ ಕಷ್ಟಪಟ್ಟು ಕಲಿತಿದ್ದೇವೆ. ಕುಡಿ ಕುಡಿ ಅಂತ ಪೀಡಿಸುವ ಗೆಳೆಯರನ್ನೂ, ತಿನ್ನು ತಿನ್ನು ಅಂತ ಹಿಂಸೆ ಕೊಡುವ ನೆಂಟರನ್ನೂ ನೋಡಿದ್ದೇವೆ. ಒಪ್ಪುತ್ತೇನೆ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇರುವುದು ಲಾಭ ಯಾರಿಗೆ ಅನ್ನುವುದರಲ್ಲಿ. ಒಬ್ಬನು ತನಗೆ ಏನೋ ಬೇಡ ಅಂದರೆ ಅವನ ಮಾತೇ ಕೊನೆ. ಆದರೆ ಅವನು ಬಿಟ್ಟುಕೊಟ್ಟದ್ದು ನನಗೆ ಸಿಗುತ್ತಿದ್ದರೆ, ಅವನ ಒಪ್ಪಿಗೆಯನ್ನು ನಾನು ಅಷ್ಟು ಬೇಗ ನಂಬಬಾರದು. ಅದನ್ನು ನಂಬುವುದರಲ್ಲಿ ನನ್ನ ಅನುಕೂಲವೂ ಸೇರಿರುತ್ತದೆ.

ಹಾಗಾದರೆ ಅವನೇ ಬಾಯಿಬಿಟ್ಟು ಹೇಳಬಾರದೇ? ಹೇಳಿದರೆ ಒಳ್ಳೆಯದು. ಆದರೆ ಆಗಲೇ ಬಿಟ್ಟುಕೊಟ್ಟವನ ಮೇಲೆ ಕೇಳುವ ಕೆಲಸವನ್ನೂ ಹೊರಿಸುವುದು ಸರಿ ಅನ್ನಿಸುವುದಿಲ್ಲ. ಒಳ್ಳೆಯ ಹಾಸಿಗೆ ಸಿಕ್ಕವನಿಗೆ ಕೇಳುವುದು ಸುಲಭ. ಅವನು ಕಳೆದುಕೊಳ್ಳುವುದು ಹೆಚ್ಚೆಂದರೆ ಆ ಹಾಸಿಗೆ.

ಚೀಟಿ ಎತ್ತಿ, ಪಾಳಿ ಹಚ್ಚಿ, ಆ್ಯಪ್ ಬಳಸಿ, ಎಲ್ಲ ಒಳ್ಳೆಯದೇ. ಅದರ ಜೊತೆಗೆ ಇನ್ನೊಂದು ಸಲ ಕೇಳಿ, ನಾಲ್ಕು ಜನರ ಮುಂದಲ್ಲ, ಒಬ್ಬನೇ ಸಿಕ್ಕಾಗ. ನಡಿಯುತ್ತದಾ ಅಂತ ಕೇಳಬೇಡಿ, ಅದಕ್ಕೆ ಉತ್ತರ ಅವನ ಬಾಯಲ್ಲಿ ರೆಡಿ ಇರುತ್ತದೆ. ನಿದ್ದೆ ಬಂತಾ ಅಂತ ಕೇಳಿ.